ಏಳನೇ ನಂಬರಿನ ಫಾರಂ: ದೇವರಾಜ ಅರಸು ಆಡಳಿತ ನಡೆದ ಬಗೆ

ಎಲ್ಲರಿಗೂ ನಮಸ್ಕಾರ. ದೇವರಾಜ ಅರಸರ ಮೇಲೆ ನಮ್ಮಲ್ಲಿ ಎರಡು ಥರದ ಭಾಷಣ ಚಾಲ್ತಿಯಲ್ಲಿವೆ. ಒಂದರಲ್ಲಿ ಅವರು ಬಡವರ ಪಾಲಿನ ದೇವರು, ಇನ್ನೊಂದರಲ್ಲಿ ರಾಜ್ಯದ ರಾಜಕೀಯಕ್ಕೆ ದುಡ್ಡಿನ ಹಾದಿ ತೋರಿಸಿದವರು. ಇವತ್ತು ಆ ಎರಡನ್ನೂ ಪಕ್ಕಕ್ಕಿಟ್ಟು ತಾಲ್ಲೂಕು ಕಚೇರಿಯ ಬಾಗಿಲಿನಿಂದ ಅವರನ್ನು ನೋಡೋಣ. ವಿಧಾನಸೌಧದಲ್ಲಿ ಪಾಸಾದ ಕಾಯ್ದೆ ಹಳ್ಳಿಗೆ ಹೋಗಿ ಮುಟ್ಟಬೇಕಾದರೆ ಮೂರು ವಿಷಯ ಮೊದಲೇ ಇತ್ಯರ್ಥವಾಗಿರಬೇಕು: ತೀರ್ಪು ಕೊಡಲು ಕೂರುವವರು ಯಾರು, ಅವರು ಕೇಳುವ ಪುರಾವೆ ಏನು, ಅರ್ಜಿಗೆ ಗಡುವು ಎಷ್ಟು. ಅರಸರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರ ಗೆಲುವಿನ ಗುಟ್ಟು ಅಲ್ಲಿದೆ. ಅವರ ಸೋಲಿನ ಗುಟ್ಟೂ ಅಲ್ಲೇ ಇದೆ ಅನ್ನುವುದು ನನ್ನ ವಾದ.

ಮೊದಲು ಜೀವನದ ವಿವರ, ಬೇಗ ಮುಗಿಸುತ್ತೇನೆ. ಹುಟ್ಟಿದ್ದು 20 ಆಗಸ್ಟ್ 1915, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ರಾಜಮನೆತನಕ್ಕೆ ಸಂಬಂಧವುಳ್ಳ ಸಣ್ಣ ಸಮುದಾಯ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದು, ಆಮೇಲೆ ಊರಲ್ಲಿ ಬೇಸಾಯ. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ, 1952ರಲ್ಲಿ ಹುಣಸೂರಿನಿಂದ ವಿಧಾನಸಭೆ. ಅರವತ್ತರ ದಶಕದಲ್ಲಿ ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿ. ಮೂವತ್ತು ವರ್ಷ ರಾಜಕೀಯದಲ್ಲಿದ್ದರೂ ಮುಖ್ಯಮಂತ್ರಿ ಕುರ್ಚಿ ಅವರ ಕಣ್ಣಳತೆಯಲ್ಲಿ ಇರಲಿಲ್ಲ. ಕಾರಣ ಸರಳ. 1956ರ ಏಕೀಕರಣದಿಂದ 1971ರವರೆಗೆ ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ, ಎಲ್ಲರೂ ಲಿಂಗಾಯತರು. ಅದಕ್ಕೆ ಮೊದಲು ಹಳೇ ಮೈಸೂರಲ್ಲಿ ಒಕ್ಕಲಿಗರ ಕೈ ಮೇಲಿತ್ತು. ಈ ಎರಡರ ನಡುವೆ ಅರಸು ಸಮುದಾಯದ ಒಬ್ಬ ವ್ಯಕ್ತಿಗೆ ಜಾತಿಬಲ ಎಲ್ಲಿಂದ ಬರಬೇಕು?

1969ರಲ್ಲಿ ಕಾಂಗ್ರೆಸ್ ಒಡೆಯಿತು. ನಿಜಲಿಂಗಪ್ಪ ಅಖಿಲ ಭಾರತ ಅಧ್ಯಕ್ಷರಾಗಿ ಇಂದಿರಾ ಗಾಂಧಿ ವಿರುದ್ಧ ನಿಂತರು, ರಾಜ್ಯ ಸರ್ಕಾರವೂ ಅವರ ಜೊತೆಗೇ ಹೋಯಿತು. ಇಂದಿರಾ ಕಡೆ ಉಳಿದ ಕೆಲವೇ ಹಿರಿಯರಲ್ಲಿ ಅರಸು ಒಬ್ಬರು. 1971ರ ಲೋಕಸಭೆಯಲ್ಲಿ 27ಕ್ಕೆ 27 ಸ್ಥಾನ ಅವರ ಬಣಕ್ಕೆ. ವೀರೇಂದ್ರ ಪಾಟೀಲರ ಸರ್ಕಾರ ಬಿತ್ತು, ಒಂದು ವರ್ಷ ರಾಷ್ಟ್ರಪತಿ ಆಡಳಿತ. 1972ರ ವಿಧಾನಸಭೆ ಚುನಾವಣೆಗೆ ಟಿಕೆಟ್ ಹಂಚುವ ಕೆಲಸ ಅರಸರ ಕೈಗೆ ಬಂತು. ಅವರು ಸ್ವತಃ ನಿಲ್ಲಲಿಲ್ಲ. ಅದುವರೆಗೆ ವಿಧಾನಸಭೆಯ ಮೆಟ್ಟಿಲು ಹತ್ತದೇ ಇದ್ದ ಸಣ್ಣ ಸಣ್ಣ ಜಾತಿಗಳಿಂದ ಹುಡುಗರನ್ನು ಹುಡುಕಿ ತಂದು ನಿಲ್ಲಿಸಿದರು. 216ರಲ್ಲಿ 165 ಗೆದ್ದರು. 20 ಮಾರ್ಚ್ 1972ರಂದು ಮುಖ್ಯಮಂತ್ರಿಯಾಗಿ, ಆಮೇಲೆ ಉಪಚುನಾವಣೆಯಲ್ಲಿ ಹುಣಸೂರಿನಿಂದ ಆರಿಸಿ ಬಂದರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ಅವರ ಕಾಲದಲ್ಲೇ, 1 ನವೆಂಬರ್ 1973.

ಈಗ ಭೂ ಸುಧಾರಣೆ. ಇಲ್ಲಿ ನಿಧಾನವಾಗಿ ಹೋಗಬೇಕು.

ಅರಸು ಹೊಸದಾಗಿ ಭೂ ಸುಧಾರಣೆ ತಂದರು ಎಂಬ ಮಾತು ಪೂರ್ತಿ ನಿಜವಲ್ಲ. ಗೇಣಿದಾರರ ಹೋರಾಟವಾದ ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ. ಜತ್ತಿ ಸಮಿತಿಯ ಆಧಾರದ ಮೇಲೆ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 2 ಅಕ್ಟೋಬರ್ 1965ರಂದು. ಈ ನಾಲ್ಕು ವರ್ಷದ ಅಂತರ ಗಮನಿಸಿ. ಕಾಯ್ದೆ ಬರುತ್ತದೆ ಎಂದು ಒಡೆಯನಿಗೆ ಗೊತ್ತು, ಗೇಣಿದಾರನನ್ನು ಬಿಡಿಸಲು ಅವನಿಗೆ ಬೇಕಾದಷ್ಟು ಸಮಯ. ಗೇಣಿದಾರನೇ 'ಸ್ವಇಚ್ಛೆಯಿಂದ' ಬಿಟ್ಟುಕೊಟ್ಟ ಎಂದು ಬರೆಸಿಕೊಂಡ ಕಾಗದಗಳು ಆ ಕಾಲದ್ದೇ. ಜೊತೆಗೆ ಸ್ವಂತ ಸಾಗುವಳಿಗೆ ಬೇಕು ಎಂದು ಒಡೆಯ ಜಮೀನು ವಾಪಸು ಕೇಳಬಹುದಿತ್ತು. ತಕರಾರು ಬಂದರೆ ಮುನ್ಸೀಫ್ ಕೋರ್ಟು. ಕೋರ್ಟಿನಲ್ಲಿ ಗೇಣಿದಾರ ಗೆಲ್ಲಬೇಕಾದರೆ ವಕೀಲ ಬೇಕು, ದಾಖಲೆ ಬೇಕು, ವಾಯಿದೆಗೆ ಓಡಾಡಲು ಬಸ್ ಚಾರ್ಜು ಬೇಕು. ಮೂರೂ ಒಡೆಯನ ಹತ್ತಿರ ಮಾತ್ರ ಇದ್ದವು.

ಅರಸರ ಸರ್ಕಾರ 1973ರಲ್ಲಿ ಮಾಡಿದ ತಿದ್ದುಪಡಿ 1 ಮಾರ್ಚ್ 1974ರಿಂದ ಜಾರಿಗೆ ಬಂತು. ಅದರಲ್ಲಿ ಮೂರು ಕಡೆ ಕೈಚಳಕ ಇದೆ.

ಮೊದಲನೆಯದು 44ನೇ ಕಲಂ. ಆ ದಿನದ ಹಿಂದಿನವರೆಗೆ ಗೇಣಿಯಲ್ಲಿದ್ದ ಪ್ರತಿ ಜಮೀನೂ ಆವತ್ತಿಗೆ ಸರ್ಕಾರಕ್ಕೆ ಸೇರಿತು. ನೇರವಾಗಿ ಗೇಣಿದಾರನಿಗೆ ಅಲ್ಲ, ಸರ್ಕಾರಕ್ಕೆ. ಇದರಿಂದ ಏನಾಯಿತು ನೋಡಿ. ಹಿಂದೆ ಗೇಣಿದಾರ ತನ್ನ ಧಣಿಯ ಎದುರು ನಿಂತು ಅವನ ಆಸ್ತಿ ಕೇಳಬೇಕಿತ್ತು. ಈಗ ಧಣಿಯ ಹಕ್ಕು ಕಾಯ್ದೆಯಿಂದಲೇ ಹೋಗಿದೆ. ಗೇಣಿದಾರ ಸರ್ಕಾರಕ್ಕೆ, 'ಈ ಜಮೀನನ್ನು ನಾನು ಉಳುತ್ತಿದ್ದೆ, ನನ್ನ ಹೆಸರಿಗೆ ಮಾಡಿ' ಎಂದು ಅರ್ಜಿ ಕೊಟ್ಟರೆ ಸಾಕು. ಸ್ವಂತ ಸಾಗುವಳಿಗೆಂದು ವಾಪಸು ಕೇಳುವ ದಾರಿಯೂ ಮುಚ್ಚಿತು. ವಿನಾಯಿತಿ ಉಳಿದದ್ದು ಸೈನಿಕರಿಗೆ, ನಾವಿಕರಿಗೆ.

ಎರಡನೆಯದು 48ನೇ ಕಲಂ, ಅಂದರೆ ಭೂ ನ್ಯಾಯಮಂಡಳಿ. ತಾಲ್ಲೂಕಿಗೊಂದು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಎಷ್ಟೋ ಕಡೆ ಸ್ಥಳೀಯ ಶಾಸಕರೇ ಸದಸ್ಯರು. ವಕೀಲರಿಗೆ ಪ್ರವೇಶವಿಲ್ಲ. ತೀರ್ಪಿನ ಮೇಲೆ ಅಪೀಲೂ ಇಲ್ಲ, ಹೈಕೋರ್ಟಿಗೆ ರಿಟ್ ಹಾಕಿಕೊಳ್ಳುವುದೊಂದೇ ದಾರಿ. ಒಡೆಯನ ಎದುರು ಕೂರಲೂ ಹೆದರುತ್ತಿದ್ದ ಒಕ್ಕಲು, ಅದೇ ಒಡೆಯನನ್ನು ಒಂದು ಬೆಂಚಿನ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳುವ ಹಾಗಾಯಿತು. ಬೆಂಚಿನ ಮೇಲೆ ಅವನದೇ ಕೇರಿಯವನೊಬ್ಬ ಕೂತಿದ್ದಾನೆ ಎಂದರೆ ಅದರ ತೂಕವೇ ಬೇರೆ.

ಮೂರನೆಯದು ಅರ್ಜಿ. ನಮೂನೆ 7. ಕರಾವಳಿಯಲ್ಲಿ ಇವತ್ತಿಗೂ ಹಿರಿಯರು ಇದನ್ನು 'ಡಿಕ್ಲರೇಶನ್ ಕೊಟ್ಟದ್ದು' ಎನ್ನುತ್ತಾರೆ, ಇಡೀ ಕಾಯ್ದೆಗೆ 'ಭೂಮಸೂದೆ' ಎನ್ನುತ್ತಾರೆ. ಅರ್ಜಿದಾರನ ಹೆಸರು, ಒಡೆಯನ ಹೆಸರು, ಗ್ರಾಮ, ಸರ್ವೆ ನಂಬರು, ವಿಸ್ತೀರ್ಣ, ಗೇಣಿ, ಇಷ್ಟೇ ಅದರ ತಿರುಳು. ಅರ್ಜಿ ಬಂದ ಮೇಲೆ ಮಂಡಳಿ ಒಡೆಯನಿಗೂ ಹಿತಾಸಕ್ತಿಯುಳ್ಳ ಇತರರಿಗೂ ನೋಟಿಸು ಕೊಡುತ್ತದೆ, ಹೇಳಿಕೆ ಬರೆದುಕೊಳ್ಳುತ್ತದೆ, ಪಹಣಿ ನೋಡುತ್ತದೆ, ಬೇಕೆನಿಸಿದರೆ ಸ್ಥಳಕ್ಕೇ ಹೋಗುತ್ತದೆ. ಒಪ್ಪಿದರೆ ಆದೇಶ. ಗೇಣಿದಾರ ನಿಗದಿಯಾದ ಮೊತ್ತ ಕಟ್ಟಿದ ಮೇಲೆ ನಮೂನೆ 10, ಅಂದರೆ ಅಧಿಭೋಗದಾರಿಕೆಯ (ಜಮೀನು ಅವನದೇ ಎಂಬ ಹಕ್ಕಿನ) ಪ್ರಮಾಣಪತ್ರ. ಹೀಗೆ ಬಂದ ಜಮೀನನ್ನು ಹದಿನೈದು ವರ್ಷ ಮಾರುವಂತಿಲ್ಲ. ಮನೆಯೊಳಗೆ ಪಾಲು ಮಾಡಿಕೊಳ್ಳಬಹುದು, ಬ್ಯಾಂಕಿಗೋ ಸೊಸೈಟಿಗೋ ಅಡವಿಟ್ಟು ಸಾಲ ತೆಗೆಯಬಹುದು, ಅಷ್ಟೇ.

ಅರ್ಜಿಯ ಗಡುವು ಹಲವು ಸಲ ಮುಂದಕ್ಕೆ ಹೋಯಿತು. ಕಡೆಯ ದಿನ 30 ಜೂನ್ 1979. ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿ ಬಂದವು, ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ಇತ್ಯರ್ಥವಾದವು. ಭೂ ಸುಧಾರಣಾ ಖಾತೆ ನೋಡಿಕೊಂಡ ಸುರತ್ಕಲ್‌ನ ಬಿ. ಸುಬ್ಬಯ್ಯ ಶೆಟ್ಟರ ಹೆಸರು ಇಲ್ಲಿ ಹೇಳಲೇಬೇಕು. ಅವರದು ಇದೇ ಕಾಯ್ದೆಯಿಂದ ಭೂಮಿ ಕಳೆದುಕೊಂಡ ಸಮುದಾಯ.

ಈಗ ಎಲ್ಲಿ ಎಡವಿತು ಅನ್ನುವುದು. ಕರಾವಳಿ ಮತ್ತು ಮಲೆನಾಡಿನಲ್ಲಿ ಈ ಕಾಯ್ದೆ ಗೆದ್ದಷ್ಟು ಬೇರೆ ಕಡೆ ಗೆಲ್ಲಲಿಲ್ಲ. ದಕ್ಷಿಣ ಕನ್ನಡದಲ್ಲಿ ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ಒಡೆಯ ಬಿಡಿಸಬಹುದಾದ ಗೇಣಿ) ಎಂದು ಗೇಣಿಗೆ ಹೆಸರಿತ್ತು, ಚೀಟಿಯಿತ್ತು, ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಲೆಕ್ಕವಿತ್ತು. ಗೇಣಿದಾರ ಯಾರು ಎಂಬುದು ಊರಿಗೇ ಗೊತ್ತು. ಬಯಲುಸೀಮೆಯಲ್ಲಿ ಗೇಣಿಯೇ ಕಡಿಮೆ, ಇದ್ದದ್ದೂ ಬಾಯಿಮಾತಿನದು. ಅಲ್ಲಿ ಎಲ್ಲವೂ ಪಹಣಿಯ 12ನೇ ಕಾಲಂ ಮೇಲೆ ನಿಂತಿತ್ತು. ಸಾಗುವಳಿ ಮಾಡುವವನ ಹೆಸರು ಬರೆಯುವ ಕಾಲಂ ಅದು. ಅಲ್ಲಿ ಬರೆದದ್ದನ್ನು ಸುಳ್ಳೆಂದು ತೋರಿಸುವವರೆಗೆ ನಿಜವೆಂದೇ ಹಿಡಿಯಬೇಕು ಅನ್ನುವುದು ಕಂದಾಯ ಕಾಯ್ದೆಯ ನಿಯಮ. ಶಾನುಭೋಗನ ಪೆನ್ನು ಯಾರ ಕಡೆಗಿತ್ತೋ ಪುರಾವೆಯೂ ಅವರ ಕಡೆಗೇ.

ಕೂಲಿಯಾಳುಗಳ ಕಥೆ ಇನ್ನೂ ಕಷ್ಟದ್ದು. ಬೇರೆಯವರ ಜಮೀನನ್ನು ಕಾನೂನುಬದ್ಧವಾಗಿ ಸಾಗು ಮಾಡುವವನು ಗೇಣಿದಾರ ಎಂದು 4ನೇ ಕಲಂ ಹೇಳುತ್ತದೆ. ಆದರೆ ಒಡೆಯನ ಮನೆಯವನಾಗಿದ್ದರೆ, ಕೂಲಿಯವನಾಗಿದ್ದರೆ, ಭೋಗ್ಯಕ್ಕೆ ಹಿಡಿದವನಾಗಿದ್ದರೆ ಅಲ್ಲ. ಹಾಗಾಗಿ ಮಂಡಳಿಯ ಮುಂದೆ ಒಡೆಯರ ಸಿದ್ಧ ಉತ್ತರ: 'ಇವನು ಗೇಣಿದಾರನಲ್ಲ, ನಮ್ಮ ಆಳು.' ದಲಿತರಲ್ಲಿ ಬಹುಪಾಲು ಜನ ಗೇಣಿದಾರರೇ ಆಗಿರಲಿಲ್ಲ, ಆಳುಗಳಾಗಿದ್ದರು. ಉಳುವವನೇ ಹೊಲದೊಡೆಯ ಎಂಬ ಘೋಷಣೆಯಲ್ಲಿ ಉಳುವವನು ಎಂದರೆ ಕಾಯ್ದೆಯ ಲೆಕ್ಕದಲ್ಲಿ ಗೇಣಿ ಕೊಡುವವನು, ನೇಗಿಲು ಹಿಡಿದವನೆಲ್ಲ ಅಲ್ಲ. ಕಾಯ್ದೆಯ ಮಿತಿ ಮೀರಿದ ಮಿಗತೆ ಭೂಮಿ ಹಂಚಿಕೆಯಾಗಿದ್ದರೆ ಇವರಿಗೆ ಏನಾದರೂ ಸಿಗುತ್ತಿತ್ತು. ಐದು ಜನರ ಕುಟುಂಬಕ್ಕೆ ಮಿತಿ ಹತ್ತು ಯೂನಿಟ್, ಅಂದರೆ ಒಳ್ಳೆಯ ನೀರಾವರಿ ಜಮೀನಾದರೆ ಹತ್ತು ಎಕರೆ, ಮಳೆಯಾಶ್ರಿತ ಕಡೆಯ ದರ್ಜೆಯದಾದರೆ 54 ಎಕರೆ. ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳಿಗೆ ಮಿತಿಯೇ ಇಲ್ಲ. ಮಿತಿ ಮೀರಿದ್ದನ್ನು ನಮೂನೆ 11ರಲ್ಲಿ ಒಡೆಯನೇ ಘೋಷಿಸಬೇಕು. ತಮ್ಮ ಜಮೀನು ಹೆಚ್ಚಿದೆ ಎಂದು ತಾವೇ ಬರೆದುಕೊಡುವವರು ಎಷ್ಟು ಜನ ಸಿಕ್ಕಾರು? ಗೇಣಿಯ ಭಾಗದಲ್ಲಿ ಅಷ್ಟು ಜಾಣತನದಿಂದ ಹೆಣೆದ ಕಾಯ್ದೆ ಮಿತಿಯ ಭಾಗದಲ್ಲಿ ತೀರಾ ಸಡಿಲ. ಇದು ಅಚಾತುರ್ಯ ಎಂದು ನನಗೆ ಅನ್ನಿಸುವುದಿಲ್ಲ. ಗೇಣಿಗೆ ಕೊಟ್ಟು ದೂರದಲ್ಲಿದ್ದ ಒಡೆಯನನ್ನು ಎದುರು ಹಾಕಿಕೊಳ್ಳಬಹುದು, ಊರಲ್ಲೇ ನಿಂತು ಆಳಿಟ್ಟು ಬೇಸಾಯ ಮಾಡಿಸುವ ದೊಡ್ಡ ರೈತನನ್ನು ಎದುರು ಹಾಕಿಕೊಳ್ಳುವುದು ಕಷ್ಟ.

ಕಳೆದುಕೊಂಡವರಲ್ಲಿ ದೊಡ್ಡ ಜಮೀನ್ದಾರರು ಮಾತ್ರ ಇರಲಿಲ್ಲ. ಎರಡು ಎಕರೆ ಗದ್ದೆ ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರು, ಗುಮಾಸ್ತರು, ಅರ್ಚಕರೂ ಇದ್ದರು. ಪರಿಹಾರ ನಿವ್ವಳ ಆದಾಯದ ಲೆಕ್ಕದ್ದು, ಪೇಟೆ ಬೆಲೆಯ ಹತ್ತಿರಕ್ಕೂ ಬರುವುದಲ್ಲ. ದೇವಸ್ಥಾನಗಳಿಗೆ ವರ್ಷಾಸನ ಗೊತ್ತಾಯಿತು. ರೂಪಾಯಿ ಬೆಲೆ ಇಳಿದಂತೆ ಅದು ಎಣ್ಣೆಬತ್ತಿಗೂ ಸಾಲದಾಯಿತು. ಈ ನೋವನ್ನು ಅರಸು ಅಭಿಮಾನಿಗಳು ಹಾರಿಸಿ ಓದುತ್ತಾರೆ, ಹಾಗೆ ಓದಬಾರದು.

ನ್ಯಾಯಾಲಯದಲ್ಲೂ ಕಾಯ್ದೆ ಪೆಟ್ಟು ತಿಂದಿತು. ವಕೀಲರನ್ನು ಹೊರಗಿಟ್ಟದ್ದನ್ನು 1987ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು, ಕಾಯ್ದೆಯ ಉಳಿದ ಹಂದರವನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಹೈಕೋರ್ಟಿನಲ್ಲಿ ರಿಟ್ ಅರ್ಜಿಗಳ ರಾಶಿ ಬಿದ್ದಿತ್ತು. ಕಾರಣ ಹೆಚ್ಚಾಗಿ ಸಣ್ಣ ಸಣ್ಣವು: ನೋಟಿಸು ಸರಿಯಾಗಿ ಮುಟ್ಟಿಸಿಲ್ಲ, ಹೇಳಿಕೆ ದಾಖಲಿಸಿಲ್ಲ, ಆದೇಶದಲ್ಲಿ ಕಾರಣ ಬರೆದಿಲ್ಲ. ಆತುರದಲ್ಲಿ ನಾಲ್ಕು ಸಾಲಿನಲ್ಲಿ ಬರೆದ ಆದೇಶ ಹತ್ತು ವರ್ಷದ ನಂತರ ರದ್ದಾಗಿ ಮತ್ತೆ ಮಂಡಳಿಗೆ ವಾಪಸಾಗುತ್ತಿತ್ತು.

ಹಿಂದುಳಿದ ವರ್ಗಗಳ ವಿಚಾರಕ್ಕೆ ಬರೋಣ. ಇಲ್ಲೂ ಅರಸು ಖಾಲಿ ಜಾಗದಲ್ಲಿ ಕಟ್ಟಿದವರಲ್ಲ. 1918ರ ಮಿಲ್ಲರ್ ಸಮಿತಿ, ಆಮೇಲೆ ನಾಗನಗೌಡ ಸಮಿತಿ. 1962ರಲ್ಲಿ ಮೈಸೂರು ಸರ್ಕಾರ ಒಟ್ಟು ಶೇ. 68ರಷ್ಟು ಸೀಟು ಮೀಸಲಿಟ್ಟು ಆದೇಶ ಮಾಡಿತು, ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಅಂಕಿಅಂಶವಿಲ್ಲದೆ ಪಟ್ಟಿ ಮಾಡಿದರೆ ನಿಲ್ಲುವುದಿಲ್ಲ ಎಂಬ ಪಾಠ ಅಲ್ಲಿಂದ ಬಂದದ್ದು. ಅರಸು ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ, ಆಗಸ್ಟ್ 1972ರಲ್ಲಿ, ವಕೀಲ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿದರು. ಆಯೋಗ ಮನೆಮನೆ ಸಮೀಕ್ಷೆ ಮಾಡಿಸಿತು, ಸರ್ಕಾರಿ ನೌಕರಿಯಲ್ಲಿ ಯಾವ ಜಾತಿಯವರು ಎಷ್ಟೆಂದು ತೆಗೆಸಿತು. ಅದರ ಅಳತೆಗೋಲು ಸ್ಪಷ್ಟ: ಜಾತಿಯ ಸಾವಿರ ಜನರಿಗೆ ಎಸ್ಸೆಸ್ಸೆಲ್ಸಿ ಪಾಸಾದವರು ಎಷ್ಟು? ರಾಜ್ಯದ ಸರಾಸರಿಗಿಂತ ಕೆಳಗಿದ್ದರೆ ಹಿಂದುಳಿದ ಸಮುದಾಯ, ಸರಾಸರಿಯ ಅರ್ಧಕ್ಕಿಂತಲೂ ಕೆಳಗಿದ್ದರೆ ಹಿಂದುಳಿದ ಜಾತಿ. ನವೆಂಬರ್ 1975ರಲ್ಲಿ ವರದಿ ಬಂತು. ಒಕ್ಕಲಿಗರು ಪಟ್ಟಿಯ ಒಳಗೆ, ಲಿಂಗಾಯತರು ಹೊರಗೆ. ದೊಡ್ಡ ಎರಡು ಸಮುದಾಯಗಳು ಒಟ್ಟಾಗಿ ವರದಿಯ ವಿರುದ್ಧ ನಿಲ್ಲದ ಹಾಗಾಯಿತು. ಅದರ ರಾಜಕೀಯ ಲಾಭ ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾವನೂರು ಹೇಳಿದ್ದು ಹಿಂದುಳಿದವರಿಗೆ ಶೇ. 32. ಸರ್ಕಾರ ಫೆಬ್ರವರಿ 1977ರ ಆದೇಶದಲ್ಲಿ 40 ಮಾಡಿತು: ಹಿಂದುಳಿದ ಸಮುದಾಯಗಳಿಗೆ 20, ಹಿಂದುಳಿದ ಜಾತಿಗಳಿಗೆ 10, ಹಿಂದುಳಿದ ಬುಡಕಟ್ಟುಗಳಿಗೆ 5, ಜಾತಿ ನೋಡದೆ ಬಡವರಿಗೆಂದು 'ವಿಶೇಷ ಗುಂಪು' 5. ಪರಿಶಿಷ್ಟರ 18 ಸೇರಿ ಒಟ್ಟು 58. ಮುಸ್ಲಿಮರನ್ನೂ ಹಿಂದುಳಿದ ಸಮುದಾಯಗಳಲ್ಲಿ ಸೇರಿಸಿತು. 1979ರಲ್ಲಿ ಹೈಕೋರ್ಟ್ ಕೆಲವು ಹೆಸರುಗಳನ್ನು ಪಟ್ಟಿಯಿಂದ ಕಿತ್ತಿತು. ಅದರಲ್ಲಿ ಒಂದು ಅರಸು ಸಮುದಾಯ! ಮುಂದೆ ವೆಂಕಟಸ್ವಾಮಿ, ಚಿನ್ನಪ್ಪ ರೆಡ್ಡಿ ಆಯೋಗಗಳು ಬಂದವು. ತೊಂಬತ್ತರ ದಶಕದಲ್ಲಿ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂದು ನೆಲೆ ನಿಂತಾಗ ಮೊತ್ತ ಬಂದು ನಿಂತದ್ದು 32ಕ್ಕೇ.

ಉಳಿದವನ್ನು ಓಡಿಸಿಕೊಂಡು ಹೋಗುತ್ತೇನೆ. ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಲು ಹೊರಟ ಸಚಿವ ಬಿ. ಬಸವಲಿಂಗಪ್ಪ, ಕನ್ನಡ ಸಾಹಿತ್ಯವನ್ನು ಬೂಸಾ ಎಂದರೆಂದು ಎದ್ದ 1973ರ ಬೂಸಾ ಗಲಾಟೆಯಲ್ಲಿ ರಾಜೀನಾಮೆ ಕೊಡಬೇಕಾಯಿತು. ಅರಸು ಅವರನ್ನು ಉಳಿಸಿಕೊಳ್ಳಲಿಲ್ಲ. 1976ರ ಋಣಪರಿಹಾರ ಕಾಯ್ದೆಯಿಂದ ಸಣ್ಣ ರೈತರ, ಕೂಲಿಯವರ ಸಾಲ ರದ್ದಾಯಿತು, ಗಿರವಿ ಇಟ್ಟ ಒಡವೆ ಪಾತ್ರೆ ವಾಪಸು ಕೊಡಬೇಕಾಯಿತು. ಗಿರವಿ ಅಂಗಡಿಯವರು ಬಾಗಿಲು ಹಾಕಿದರೆ ಮುಂದಿನ ಸಲ ಸಾಲ ಕೊಡುವವರು ಯಾರು ಎಂಬ ಪ್ರಶ್ನೆಗೆ ಸಹಕಾರ ಸಂಘಗಳು ಪೂರ್ತಿ ಉತ್ತರವಾಗಲಿಲ್ಲ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನನ್ನು ಬೇರೆಯವರು ಕೊಂಡಿದ್ದರೆ ಅದನ್ನು ಬಿಡಿಸಿಕೊಡುವ 1978ರ ಕಾಯ್ದೆ, ನಾವು ಪಿಟಿಸಿಎಲ್ ಎನ್ನುವುದು, ಈಗಲೂ ದಿನನಿತ್ಯ ಅಸಿಸ್ಟೆಂಟ್ ಕಮಿಷನರ್ ಕೋರ್ಟುಗಳಲ್ಲಿ ಓಡುತ್ತಿದೆ. ತುರ್ತು ಪರಿಸ್ಥಿತಿಯಲ್ಲಿ ಅರಸು ದೆಹಲಿಯ ಮಾತು ಮೀರಲಿಲ್ಲ. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನ ಜೈಲಿನಲ್ಲಿದ್ದರು. ಅದೇ ಜೈಲಿನಲ್ಲಿ ಆರೋಗ್ಯ ಕೆಟ್ಟು ಹೊರಬಂದ ನಟಿ ಸ್ನೇಹಲತಾ ರೆಡ್ಡಿ ಜನವರಿ 1977ರಲ್ಲಿ ತೀರಿಕೊಂಡರು. ಅರಸರ ಖಾತೆಯಲ್ಲಿ ಇದನ್ನೂ ಬರೆಯಬೇಕು.

ಇನ್ನು ಪತನ. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಗುಡಿಸಿ ಹೋದಾಗ ಕರ್ನಾಟಕ 28ರಲ್ಲಿ 26 ಸ್ಥಾನ ಕೊಟ್ಟಿತು. ಕೇಂದ್ರದ ಜನತಾ ಸರ್ಕಾರ ತಮ್ಮ ಮೇಲಿನ ಆರೋಪಗಳಿಗೆ ವಿಚಾರಣಾ ಆಯೋಗ ಹಾಕುತ್ತದೆಂಬ ಸುಳಿವಿನಲ್ಲಿ ಅರಸು 18 ಮೇ 1977ರಂದು ತಾವೇ ಒಂದು ಆಯೋಗ ನೇಮಿಸಿದರು. ಐದು ದಿನದ ನಂತರ ಕೇಂದ್ರ ಗ್ರೋವರ್ ಆಯೋಗ ನೇಮಿಸಿತು. ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ ಸೋತಿತು. ಗ್ರೋವರ್ ಆಯೋಗ ಕೆಲವು ವಿಷಯಗಳಲ್ಲಿ ಸ್ವಜನಪಕ್ಷಪಾತ ನಡೆದಿದೆ ಎಂದು ಹೇಳಿತು. ಜನ ಅದಕ್ಕೆ ಕಿವಿಗೊಡಲಿಲ್ಲ: 1978ರ ಫೆಬ್ರವರಿಯಲ್ಲಿ 224ರಲ್ಲಿ 149 ಸ್ಥಾನ. ನವೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿಯವರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆಲ್ಲಿಸಿಕೊಟ್ಟರು.

ಇಷ್ಟೆಲ್ಲ ಮಾಡಿದವರನ್ನು ಜೂನ್ 1979ರಲ್ಲಿ ಪಕ್ಷದಿಂದ ಹೊರಹಾಕಿದರು. ಶಾಸಕರಲ್ಲಿ ಬಹುಪಾಲು ಜನ ಅರಸರ ಜೊತೆಗೇ ನಿಂತರು. ಆರೇ ತಿಂಗಳು. ಜನವರಿ 1980ರ ಲೋಕಸಭೆ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ 28ರಲ್ಲಿ 27 ಗೆದ್ದಿತು. ವಾರದೊಳಗೆ ಅದೇ ಶಾಸಕರು ಸಾಲು ಹಿಡಿದು ಆ ಕಡೆ ಹೋದರು, 12ನೇ ತಾರೀಕು ಆರ್. ಗುಂಡೂರಾವ್ ಮುಖ್ಯಮಂತ್ರಿ.

ಇದನ್ನು ದ್ರೋಹ ಎಂದು ಬೈಯುವುದು ಸುಲಭ. ಆದರೆ ಆ ಶಾಸಕರು ಬೆಳೆದ ಬಗೆ ನೋಡಿ. ಟಿಕೆಟ್ಟು ನೇಮಕ, ಟ್ರಿಬ್ಯೂನಲ್ ಸದಸ್ಯತ್ವ ನೇಮಕ, ನಿಗಮ ಮಂಡಳಿ ನೇಮಕ, ತಾಲ್ಲೂಕು ಕಾಂಗ್ರೆಸ್ ಅಧ್ಯಕ್ಷತೆಯೂ ನೇಮಕ. ಊರಿನ ಪ್ರಬಲ ಜಾತಿಯವರನ್ನು ದಾಟಿ ಬಡ ಜಾತಿಯವನನ್ನು ಮೇಜಿನ ಮುಂದೆ ಕೂರಿಸಬೇಕಾದರೆ ನೇಮಕ ಬಿಟ್ಟು ಬೇರೆ ದಾರಿ ಇರಲಿಲ್ಲ, ನಿಜ. ಚುನಾವಣೆಯಿಂದ ಆರಿಸಿ ಎಂದಿದ್ದರೆ 1974ರಲ್ಲಿ ಭೂ ನ್ಯಾಯಮಂಡಳಿಯ ನಾಲ್ಕೂ ಸ್ಥಾನ ಒಡೆಯರ ಕಡೆಯವರಿಗೇ ಹೋಗುತ್ತಿತ್ತು. ಆದರೆ ನೇಮಕದಿಂದ ಬಂದವನ ಕಣ್ಣು ನೇಮಿಸುವ ಕೈಯ ಮೇಲೇ ಇರುತ್ತದೆ. ಕೈ ಬದಲಾದ ದಿನ ಅವನೂ ಬದಲಾದ. ಗೇಣಿದಾರನಿಗೆ ನಮೂನೆ 10 ಸಿಕ್ಕಿತ್ತು, ಅದನ್ನು ಯಾವ ಸರ್ಕಾರವೂ ಕಿತ್ತುಕೊಳ್ಳುವಂತಿರಲಿಲ್ಲ. ಅರಸರಿಗೆ ಅಂಥ ಯಾವ ಕಾಗದವೂ ಇರಲಿಲ್ಲ. ಕರ್ನಾಟಕ ಕ್ರಾಂತಿರಂಗ ಎಂಬ ಪಕ್ಷ ಕಟ್ಟಲು ಹೊರಟು 6 ಜೂನ್ 1982ರಂದು ತೀರಿಕೊಂಡರು. ಮರುವರ್ಷ ಅದೇ ಕ್ರಾಂತಿರಂಗ ಜನತಾ ಪಕ್ಷದ ಜೊತೆ ಸೇರಿ ಗುಂಡೂರಾವ್ ಸರ್ಕಾರವನ್ನು ಇಳಿಸಿತು.

ಸಭೆಯಿಂದ ಎರಡು ಪ್ರಶ್ನೆ ಬಂದಿದ್ದವು, ಉತ್ತರವನ್ನೂ ಇಲ್ಲೇ ಸೇರಿಸುತ್ತೇನೆ.

2020ರ ತಿದ್ದುಪಡಿಯಿಂದ ಅರಸರ ಕಾಯ್ದೆ ಸತ್ತಿತೇ ಎಂದು ಒಬ್ಬರು ಕೇಳಿದರು. ಆ ತಿದ್ದುಪಡಿ ತೆಗೆದದ್ದು 79ಎ, 79ಬಿ ಕಲಂಗಳನ್ನು, ಅಂದರೆ ಬೇಸಾಯಗಾರನಲ್ಲದವನು ಮತ್ತು ಬೇರೆ ಆದಾಯ ಹೆಚ್ಚಿರುವವನು ಕೃಷಿ ಜಮೀನು ಕೊಳ್ಳಬಾರದು ಎಂಬ ತಡೆಯನ್ನು. ಗೇಣಿದಾರರಿಗೆ ಆಗಲೇ ಬಂದಿದ್ದ ಹಕ್ಕಿಗೆ ಅದರಿಂದ ಬಾಧೆಯಿಲ್ಲ. ಆದರೆ ಆ ಹಕ್ಕು ಪಡೆದವರ ಮೊಮ್ಮಕ್ಕಳ ಮನೆಗೆ ಕೊಳ್ಳುವವರು ಈಗ ನೇರವಾಗಿ ಬರಬಹುದು.

ಅಜ್ಜ ಡಿಕ್ಲರೇಶನ್ ಕೊಟ್ಟಿದ್ದರು, ಈಗ ಅಣ್ಣತಮ್ಮಂದಿರಲ್ಲಿ ಜಗಳ, ಏನು ನೋಡಬೇಕು ಎಂದು ಇನ್ನೊಬ್ಬರದು. ನಮೂನೆ 10ರಲ್ಲಿ ಒಬ್ಬರದೇ ಹೆಸರಿರುವುದು ಇಂಥ ಜಗಳಗಳ ಬೇರು. ಮನೆಯ ಹಿರಿಯ ಅರ್ಜಿ ಹಾಕಿದ, ಅವನ ಹೆಸರಿಗೆ ಬಂತು, ತಮ್ಮಂದಿರು 'ಗೇಣಿ ಇದ್ದದ್ದು ಅಪ್ಪನದು, ನಮಗೂ ಪಾಲಿದೆ' ಎನ್ನುತ್ತಾರೆ. ಬರೀ ನಮೂನೆ 10 ಹಿಡಿದುಕೊಂಡು ವಾದ ಮಾಡಬೇಡಿ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಮಂಡಳಿಯ ಪೂರ್ತಿ ಕಡತದ ದೃಢೀಕೃತ ನಕಲು ತೆಗೆಸಿ: ನಮೂನೆ 7, ನೋಟಿಸು, ಹೇಳಿಕೆಗಳು, ಆದೇಶ. ಅಜ್ಜ ಹೇಳಿಕೆಯಲ್ಲಿ 'ನಮ್ಮ ತಂದೆಯ ಕಾಲದಿಂದ ಗೇಣಿಗೆ ಮಾಡುತ್ತಿದ್ದೇವೆ' ಎಂದಿದ್ದಾರೋ, 'ನಾನೇ ಇಂಥ ವರ್ಷದಿಂದ ಹಿಡಿದಿದ್ದೇನೆ' ಎಂದಿದ್ದಾರೋ, ಆ ಒಂದು ಸಾಲಿನ ಮೇಲೆ ಬಹಳಷ್ಟು ನಿಲ್ಲುತ್ತದೆ. ಅದರ ಜೊತೆಗೆ 1974ರ ಹಿಂದಿನ ಕೆಲವು ವರ್ಷಗಳ ಪಹಣಿ ತೆಗೆಸಿ 12ನೇ ಕಾಲಂ ನೋಡಿ. ಅಜ್ಜ ಅರ್ಜಿಯನ್ನೇ ಹಾಕದೆ, 1998ರಲ್ಲಿ 77ಎ ಕಲಂ ಕೆಳಗೆ ಮತ್ತೊಂದು ಅವಕಾಶ ಬಂದಾಗ ಮನೆಯವರು ನಮೂನೆ 7ಎ ಕೊಟ್ಟಿದ್ದರೆ ಕಡತ ಬೇರೆ, ಹುಡುಕುವಾಗ ಅದನ್ನು ಬಿಡಿಸಿ ಹೇಳಿ. ಇಲ್ಲದಿದ್ದರೆ ಹಳೇ ರಿಜಿಸ್ಟರ್ ನೋಡಿ 'ಇಲ್ಲ' ಎಂದು ಬರೆದು ಕಳಿಸುತ್ತಾರೆ.